ವಾಲಿದ ಕಲ್ಲು ಕೇಳುವುದು

ಮಾರ್ಚ್ 3, ಸೋಮವಾರ

ಬಂದು ತಲುಪಿದೆ. ಆರು ಗಂಟೆ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿದೆ. ಬಾಡಿಗೆ ಕೋಣೆ ಟೈಲರಮ್ಮನ ಮನೆಯ ಹಿಂಬದಿಯದು: ಒಂದು ಮಂಚ, ಕಾಲು ಕುಂಟುವ ಮೇಜು, ಒಂದು ಕಿಟಕಿ. ಕಿಟಕಿ ತೆರೆದರೆ ಬಯಲು. ಬಯಲಿನ ಆ ತುದಿಯಲ್ಲಿ ಇಟ್ಟಿಗೆ ಗೂಡಿನ ಹೊಗೆ, ನಡುವೆ ಒಂಬತ್ತು ಕಲ್ಲು. ಸಾವಿರಾರು ವರ್ಷದ ಹಿಂದೆ ಯಾರೋ ಎಲ್ಲಿಂದಲೋ ಎಳೆದು ತಂದು ನೆಟ್ಟ ಕಲ್ಲುಗಳು. ಕಲ್ಲಿನ ವಯಸ್ಸು, ಜಾತಕ ಎಲ್ಲ ಬೇರೆಯವರ ಕೆಲಸ. ಅವುಗಳ ಬಗ್ಗೆ ಜನ ಹೇಳಿಕೊಳ್ಳುವ ಕಥೆ ಕೂಡಿಸುವುದು ನನ್ನ ಕೆಲಸ. ಹನ್ನೆರಡು ಕಥೆ ಬೇಕು, ತಿಂಗಳ ಕೊನೆಯೊಳಗೆ ಬೇಕು ಎಂದಿದ್ದಾರೆ ಆಫೀಸಿನ ಮೇಡಂ. ಕಥೆ ಏನು ಗಿಡದಲ್ಲಿ ಬಿಡುತ್ತದೆಯೇ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ.

ಟೈಲರಮ್ಮ ಐವತ್ತೈದರ ವಿಧವೆ, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ. ಅವುಗಳ ಸಂದಿಯಿಂದಲೇ ಕೇಳಿದರು: "ಕಲ್ಲು ನೋಡೋಕೆ ಇಷ್ಟು ದೂರ ಬಂದ್ರಾ? ನಿಮ್ಮ ಕಡೆ ಕಲ್ಲು ಸಿಗಲ್ವಾ?"

ಮನೆಯಲ್ಲಿ ಇನ್ನಿಬ್ಬರು. ಮಗ ದೂರದ ಬಸ್ಸಿನ ಡ್ರೈವರ್, ದಿನ ಬಿಟ್ಟು ದಿನ ಮನೆಗೆ ಬರುತ್ತಾನೆ. ಸೊಸೆಗೆ ಏಳು ತಿಂಗಳು, ಚೊಚ್ಚಲು. ಹೊಟ್ಟೆಯನ್ನು ಹೊಲಿಗೆ ಯಂತ್ರಕ್ಕೆ ಓರೆಯಾಗಿಟ್ಟು ಶಾಲೆಯ ಸಮವಸ್ತ್ರಕ್ಕೆ ಕಾಲರ್ ಹಚ್ಚುತ್ತಾಳೆ. ಇಪ್ಪತ್ತೆರಡಿರಬಹುದು. ಬಂದ ಐದು ನಿಮಿಷಕ್ಕೆ ನನ್ನನ್ನು ಅಕ್ಕ ಎಂದಳು. ನಾನೂ ಅವಳನ್ನು ಹುಡುಗಿ ಎಂದೇ ಕರೆಯತೊಡಗಿದ್ದೇನೆ.

ಮಾರ್ಚ್ 4, ಮಂಗಳವಾರ

ದಿನವಿಡೀ ಕಲ್ಲುಗಳ ಹತ್ತಿರ ಇದ್ದೆ. ಎಂಟು ನೆಟ್ಟಗಿವೆ. ಒಂಬತ್ತನೆಯದು ಎಲ್ಲಕ್ಕಿಂತ ಎತ್ತರದ್ದು, ಒಬ್ಬಾಳಿನ ಮೇಲೆ ಅರ್ಧ ಆಳು. ಅದು ವಾಲಿದೆ. ರಸ್ತೆಯ ಕಡೆಯಿಂದ ಚಿತ್ರ ಬರೆದು "ಪಶ್ಚಿಮಕ್ಕೆ ವಾಲಿದೆ" ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಕಥೆ ಮಾತ್ರ ಸೊನ್ನೆ. ಈ ಊರಿಗೆ ನಲವತ್ತು ವರ್ಷ. ಇಟ್ಟಿಗೆ ಗೂಡಿನ ಕೆಲಸಕ್ಕೆಂದು ಹತ್ತು ಕಡೆಯಿಂದ ಬಂದು ನೆಲೆಸಿದವರೇ ಎಲ್ಲರೂ. ಯಾರನ್ನು ಕೇಳಿದರೂ ಒಂದೇ ಉತ್ತರ: "ನಾವು ಬಂದಾಗಲೇ ಇತ್ತು." ಒಬ್ಬರು ಮುದುಕರು ಬಹಳ ಹೊತ್ತು ಯೋಚಿಸಿ, "ಮೇಕೆ ಕಟ್ಟೋಕೆ ಚೆನ್ನಾಗಿದೆ" ಎಂದರು. ಅದನ್ನೇ ಮೊದಲ ಕಥೆ ಎಂದು ಕಳಿಸಿದರೆ ಮೇಡಂ ನನ್ನನ್ನೇ ಮೇಕೆ ಜೊತೆ ಕಟ್ಟುತ್ತಾರೆ.

ಮಾರ್ಚ್ 6, ಗುರುವಾರ

ಇವತ್ತು ಮಾಡಬಾರದ್ದೊಂದು ಮಾಡಿದೆ. ದೊಡ್ಡದೇನಲ್ಲ, ಆದರೂ ಬರೆದಿಡುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ನಿಯಮ. ಕಥೆಯನ್ನು ನೀನು ಮೊದಲು ಹೇಳಬೇಡ. ಕೇಳು, ಸುಮ್ಮನಿರು, ಅವರು ಬಾಯಿ ಬಿಡುವವರೆಗೆ ಕಾಯಿ. ಹೊಸಬರಿಗೆ ನಾನೇ ಎಷ್ಟು ಸಲ ಇದನ್ನು ಪಾಠ ಮಾಡಿಲ್ಲ. ಇವತ್ತು ಟೈಲರಮ್ಮನ ಜಗುಲಿಯಲ್ಲಿ ಐದಾರು ಹೆಂಗಸರು ಬಟ್ಟೆ ಒಯ್ಯಲು ಬಂದು ಕೂತಿದ್ದರು. ರೆಕಾರ್ಡರ್ ಚಾಲೂ ಮಾಡಿ ಕಲ್ಲಿನ ಮಾತೆತ್ತಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹತ್ತು ನಿಮಿಷ ಯಂತ್ರದ ಸದ್ದು ಬಿಟ್ಟರೆ ಇನ್ನೇನಿಲ್ಲ. ಮೌನ ಎಂದರೆ ನನಗೆ ಮೊದಲಿನಿಂದಲೂ ಆಗದು. ಬೆಳಗ್ಗೆ ಬೇರೆ ಮೇಡಂ ಫೋನು ಮಾಡಿ "ಎಷ್ಟಾಯ್ತು" ಎಂದಿದ್ದರು.

"ಕೆಲವು ಕಡೆ ಹೇಳ್ತಾರಲ್ಲ," ಎಂದೆ. "ವಾಲಿದ ಕಲ್ಲು ಯಾವ ಮನೆ ಕಡೆ ವಾಲಿರುತ್ತೋ ಆ ಮನೆಯಿಂದ ಒಬ್ಬರನ್ನ ಕೇಳುತ್ತೆ ಅಂತ. ಇಲ್ಲಿ ಹಾಗೇನಾದ್ರೂ ಇದೆಯಾ?"

ಯಾವ ಕಡೆಯೂ ಹಾಗೆ ಹೇಳುವುದಿಲ್ಲ. ಅದು ಆ ಗಳಿಗೆಯಲ್ಲಿ ನಾಲಿಗೆಗೆ ಬಂದ ಮಾತು.

ತರಕಾರಿ ಮಾರುವವಳು ಬುಟ್ಟಿ ಇಳಿಸಿ ಕೂತಿದ್ದಳು. ಅವಳು ದಿನಾ ರಸ್ತೆಯ ಕಡೆಯಿಂದ ಬರುವವಳು. "ಅಯ್ಯೋ, ಅದು ಈ ಮನೆ ಕಡೆಗೇ ವಾಲಿರೋದು ಅಲ್ವಾ?" ಎಂದಳು.

ಎಲ್ಲರೂ ನಕ್ಕರು. "ನಮ್ಮ ಹಿತ್ತಿಲಿಂದ ನೋಡಿದ್ರೆ ನೆಟ್ಟಗೇ ಇದೆಯಲ್ಲೇ," ಎಂದರು ಟೈಲರಮ್ಮ. ಅದು ನಿಜ. ನಮ್ಮ ಕಡೆಗೇ ವಾಲಿದ್ದು ನಮಗೆ ವಾಲಿದ ಹಾಗೆ ಕಾಣುವುದಿಲ್ಲ, ಸ್ವಲ್ಪ ಗಿಡ್ಡ ಕಾಣುತ್ತದೆ ಅಷ್ಟೆ. ಪಶ್ಚಿಮಕ್ಕೆ ಎಂದು ಬರೆದುಕೊಂಡಿದ್ದ ನಾನು ಪಶ್ಚಿಮದಲ್ಲಿ ಯಾರ ಮನೆ ಇದೆ ಎಂದು ನೋಡಿರಲಿಲ್ಲ.

ಒಳಗೆ ಹುಡುಗಿಯ ಯಂತ್ರ ನಿಂತಿತ್ತು. ಮತ್ತೆ ಶುರುವಾಯಿತು. ದಾರ ತುಂಡಾಗಿರಬೇಕು.

ಮಾರ್ಚ್ 7, ಶುಕ್ರವಾರ

ಮೇಡಂಗೆ ಎರಡು ಕಥೆ ಕಳಿಸಿದೆ. ಮೇಕೆಯದು ಒಂದು. ಇನ್ನೊಂದು ಅದೇ. ಹೇಳಿದವರು: "ಹೊಲಿಗೆ ಅಂಗಡಿಯ ಹೆಂಗಸರು." ಪೂರ್ತಿ ಸುಳ್ಳೂ ಅಲ್ಲ, ಅಲ್ಲೇ ಹೇಳಿದ್ದಲ್ಲವೇ.

ಮಾರ್ಚ್ 11, ಮಂಗಳವಾರ

ತರಕಾರಿಯವಳು ತಾನಾಗಿ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. "ನೀವು ಕಥೆ ಬರ್ಕೋತೀರಂತಲ್ಲ, ನಂಗೊಂದು ಗೊತ್ತು." ಖುಷಿಯಾಗಿ ರೆಕಾರ್ಡರ್ ಹಿಡಿದೆ.

ಅವಳು ಹೇಳಿದ್ದು ನನ್ನದೇ ಕಥೆ. ಆದರೆ ಬೆಳೆದಿದೆ. ವಾಲಿದ ಕಲ್ಲು ಮನೆಯಿಂದ ಸುಮ್ಮನೆ ಯಾರನ್ನೋ ಕೇಳುವುದಿಲ್ಲವಂತೆ. "ಇನ್ನೂ ತಾನಾಗಿ ತುತ್ತು ಎತ್ತದವರನ್ನ ಕೇಳುತ್ತೆ." ಕೇಳಿದ ತಕ್ಷಣ, ನಾಚಿಕೆಯಿಲ್ಲದೆ ಬರೆಯುತ್ತೇನೆ, ಎಂಥ ಸಾಲು ಎನಿಸಿತು. ಇಪ್ಪತ್ತು ವರ್ಷದಲ್ಲಿ ಇಂಥ ಸಾಲು ಮೂರೋ ನಾಲ್ಕೋ ಸಿಕ್ಕಿರಬಹುದು. ಆಮೇಲೆ ಅದರ ಅರ್ಥ ಹೊಳೆಯಿತು. ಈ ಮನೆಯಲ್ಲಿ ತಾನಾಗಿ ತುತ್ತು ಎತ್ತದವರು ಯಾರು? ಇನ್ನೂ ಹುಟ್ಟದ ಒಂದು ಜೀವ.

"ಇದನ್ನ ನಿಂಗೆ ಯಾರು ಹೇಳಿದ್ರು?" ಎಂದೆ.

"ನಮ್ಮತ್ತೆ ಹೇಳ್ತಿದ್ರು. ಇದೇ ಕಲ್ಲಿನ ಬಗ್ಗೆನೇ."

"ನಿಮ್ಮತ್ತೆ ಈ ಊರಿಗೆ ಯಾವಾಗ ಬಂದಿದ್ರು?"

"ಬಂದೇ ಇಲ್ಲ. ಅಲ್ಲೇ ತೀರ್ಕೊಂಡ್ರು." ಅದರಲ್ಲಿ ಏನೂ ವಿಚಿತ್ರ ಇಲ್ಲವೆಂಬಂತೆ ಬುಟ್ಟಿ ಎತ್ತಿಕೊಂಡು ಹೋದಳು.

ಇರಲಾರದೆ ಇರುವೆ ಬಿಟ್ಟುಕೊಂಡೆ. ಸಂಜೆ ಕಿಟಕಿ ಮುಚ್ಚಿದೆ. ಸೊಳ್ಳೆ ಬಹಳ.

ಮಾರ್ಚ್ 13, ಗುರುವಾರ

ಹುಡುಗಿ ಕೇಳಿದಳು: "ಅಕ್ಕ, ಅದು ಎಷ್ಟು ವಾಲಿದೆ ಅಂತ ಅಳೀಬಹುದಾ?"

ಅಳೆದು ತೋರಿಸಿದರೆ ಭಯ ಹೋದೀತು ಎಂದುಕೊಂಡೆ. ಇಟ್ಟಿಗೆ ಗೂಡಿನಿಂದ ಏಣಿ ತಂದು, ಹೊಲಿಗೆ ದಾರಕ್ಕೆ ನನ್ನ ಪೆಟ್ಟಿಗೆಯ ಬೀಗ ಕಟ್ಟಿ, ಕಲ್ಲಿನ ತುದಿಯಿಂದ ಇಳಿಬಿಟ್ಟೆ. ಬೀಗ ನೆಲ ಮುಟ್ಟಿದ ಜಾಗದಿಂದ ಕಲ್ಲಿನ ಬುಡಕ್ಕೆ ಟೈಲರಮ್ಮನ ಟೇಪು ಹಿಡಿದರೆ ಇಪ್ಪತ್ತೇಳು ಇಂಚು. ಹುಡುಗಿ ದೂರ ನಿಂತಿದ್ದಳು. ಎರಡು ಕೈಯೂ ಹೊಟ್ಟೆಯ ಮೇಲೆ.

"ನೋಡು, ಇಷ್ಟೇ. ಸಾವಿರ ವರ್ಷದಿಂದ ಹೀಗೇ ಇದೆ."

"ಸಾವಿರ ವರ್ಷದಿಂದ ನಮ್ಮ ಮನೆ ಇರ್ಲಿಲ್ವಲ್ಲ ಅಕ್ಕ," ಎಂದಳು.

ಹಿಂದಿರುಗುವಾಗ ಅವಳು ಕಲ್ಲಿನ ನೆರಳನ್ನು ಬಳಸಿ ನಡೆದಳು. ನಾನೂ ಅವಳ ಜೊತೆಗೇ ಬಳಸಿದೆ, ಮಾತಾಡುತ್ತಾ ಬರುತ್ತಿದ್ದೆವಲ್ಲ.

ಮಾರ್ಚ್ 15, ಶನಿವಾರ

ಬೆಳಗ್ಗೆ ಹುಡುಗಿಗೆ ರಕ್ತ ಕಂಡಿತು. ಸ್ವಲ್ಪವೇ. ನರ್ಸಮ್ಮ ಬಂದು ನೋಡಿ, ಮಗುವಿನ ಎದೆಬಡಿತ ಸರಿಯಿದೆ, ಯಂತ್ರ ತುಳಿಯಬೇಡ, ಭಾರ ಎತ್ತಬೇಡ, ಮಲಗಿರು ಎಂದರು. ಮುಖ ನೋಡಿ ಇನ್ನೊಂದು ಮಾತೂ ಕೇಳಿದರು: "ಊಟ ಮಾಡ್ತಿಲ್ವಾ? ನಿದ್ದೆ?" ಹುಡುಗಿ ಗೋಡೆಯ ಕಡೆ ತಿರುಗಿದಳು. ಮೂರು ದಿನದಿಂದ ಅವಳು ಬರೀ ನೀರು ಕುಡಿದುಕೊಂಡಿದ್ದಾಳೆಂದು ಟೈಲರಮ್ಮ ಆಗ ಹೇಳಿದರು. ನರ್ಸಮ್ಮ ಎಲ್ಲರಿಗೂ ಬೈದು ಹೋದರು.

ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಡ್ರೈವರ್ ಬಂದು ಪಕ್ಕದಲ್ಲಿ ಕೂತ. ಮಾತು ಕಡಿಮೆಯವನು. "ಮೇಡಂ, ಬಸ್ಸಲ್ಲೆಲ್ಲಾ ಇದೇ ಮಾತು," ಎಂದ. "ವಾಲಿದ ಕಲ್ಲಿನ ಡ್ರೈವರ್ ಅಂತಾರೆ ನನ್ನ."

ನಾನು ಬಾಯಿ ಬಿಟ್ಟು ಬರೀ ಒಂಬತ್ತು ದಿನ.

ಮಾರ್ಚ್ 17, ಸೋಮವಾರ

ಮತ್ತೆ ಅಳೆದೆ. ಇಪ್ಪತ್ತೊಂಬತ್ತು.

ಟೇಪು ತಪ್ಪಾಗಿ ಹಿಡಿದಿರಬೇಕೆಂದು ಮೂರು ಸಲ ನೋಡಿದೆ. ಇಪ್ಪತ್ತೊಂಬತ್ತೇ. ನಾಲ್ಕು ದಿನದಲ್ಲಿ ಎರಡು ಇಂಚು.

ಬಗ್ಗಿ ಬುಡ ನೋಡಿದೆ. ಮಣ್ಣಿನಲ್ಲಿ ಬಿರುಕು, ಬೆರಳು ಹೋಗುವಷ್ಟು. ಬಿರುಕಿನ ಜಾಡು ಹಿಡಿದು ಹೋದರೆ ಹತ್ತು ಹೆಜ್ಜೆಗೆ ಇಟ್ಟಿಗೆ ಗೂಡಿನ ಹೊಸ ಗುಂಡಿ. ಮಣ್ಣು ತೆಗೆಯುತ್ತ ತೆಗೆಯುತ್ತ ಮನೆಯ ಬದಿಯಿಂದ ಕಲ್ಲಿನ ಹತ್ತಿರಕ್ಕೇ ಬಂದಿದ್ದಾರೆ. ಹಾಗಾದರೆ ಕಲ್ಲು ಏನೂ ಕೇಳುತ್ತಿಲ್ಲ, ಅದರ ಕಾಲ ಕೆಳಗಿನ ಮಣ್ಣು ಜರುಗುತ್ತಿದೆ ಅಷ್ಟೆ. ಇದು ತಿಳಿದ ಮೇಲೆ ಸಮಾಧಾನ ಆಗಬೇಕಿತ್ತು.

ಗೂಡಿನ ಯಜಮಾನರ ಹತ್ತಿರ ಹೋದೆ. ತಗಡಿನ ಶೆಡ್ಡಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. "ಗುಂಡಿ ನಿಲ್ಲಿಸಿ, ಕಲ್ಲು ಬೀಳುತ್ತೆ," ಎಂದೆ.

"ಸಾವಿರ ವರ್ಷ ಬೀಳದೇ ಇದ್ದದ್ದು ನನ್ನ ಗುಂಡಿಗೆ ಬೀಳುತ್ತಾ?" ಎಂದು ನಕ್ಕರು. "ಅದು ಯಾಕೆ ವಾಲ್ತಿದೆ ಅಂತ ಊರಿಗೇ ಗೊತ್ತು. ನೀವೇ ಬರ್ಕೊಂಡಿದೀರಂತಲ್ಲ."

ಮಾರ್ಚ್ 18, ಮಂಗಳವಾರ

ಈಗ ಪರಿಹಾರವೂ ಹುಟ್ಟಿದೆ. ಯಾರ ಬಾಯಲ್ಲಿ ಮೊದಲು ಹುಟ್ಟಿತೋ ಯಾರಿಗೂ ಗೊತ್ತಿಲ್ಲ, ಪರಿಹಾರ ಮಾತ್ರ ಎಲ್ಲರಿಗೂ ಗೊತ್ತಿದೆ. ಬಸುರಿ ತಾನೇ ಹೋಗಿ, ಕಲ್ಲು ವಾಲಿದ ಮಗ್ಗುಲಲ್ಲಿ, ಅದಕ್ಕೆ ಬೆನ್ನು ಕೊಟ್ಟು ಕೂರಬೇಕು. ಐದು ಬೆಳಗ್ಗೆ, ಬಿಸಿಲು ಏರುವವರೆಗೆ. ಕಲ್ಲಿಗೆ ಬೆನ್ನು ಕೊಟ್ಟವರನ್ನು ಕಲ್ಲು ತನ್ನವರೆಂದುಕೊಂಡು ಬಿಟ್ಟುಬಿಡುತ್ತದೆ. ಗುರುವಾರದಿಂದ ಶುರು.

ಅಂದರೆ ಬೀಳುವ ಕಲ್ಲಿನ ಸರಿಯಾಗಿ ಕೆಳಗೆ.

ಜಗುಲಿಯಲ್ಲಿ ಎಲ್ಲರೂ ಇದ್ದಾಗಲೇ ಹೇಳಿಬಿಟ್ಟೆ. "ಆ ಕಥೆ ಸುಳ್ಳು. ನಾನು ಕಟ್ಟಿದ್ದು. ಆವತ್ತು ಇದೇ ಜಾಗದಲ್ಲಿ, ನೀವ್ಯಾರೂ ಮಾತಾಡ್ಲಿಲ್ಲ ಅಂತ, ಬಾಯಿಗೆ ಬಂದದ್ದು ಹೇಳಿದೆ. ತಪ್ಪಾಯ್ತು." ಕ್ಷಮಿಸದಿದ್ದರೂ ಸರಿ, ಉಗಿದರೂ ಸರಿ, ನಂಬಿದರೆ ಸಾಕು ಎಂದುಕೊಂಡಿದ್ದೆ.

ಟೈಲರಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲ, ನನಗೆ ಅದೇ ಕಷ್ಟವಾಯಿತು. "ನಮ್ಮ ಹುಡುಗಿಗೆ ಧೈರ್ಯ ಬರ್ಲಿ ಅಂತ ಹೇಳ್ತಿದೀರಿ, ಗೊತ್ತಾಗುತ್ತಮ್ಮ. ಆದ್ರೆ ನೀವು ಬರೋಕೆ ಮುಂಚೆಯಿಂದ ಇರೋ ಮಾತಿದು. ನಮ್ಮ ಯಜಮಾನರೇ ಹೇಳ್ತಿದ್ರು."

"ರೆಕಾರ್ಡರಲ್ಲಿದೆ, ಕೇಳಿಸ್ತೀನಿ."

ಕೇಳಿಸಿದೆ. ನನ್ನ ದನಿ: ಕೆಲವು ಕಡೆ ಹೇಳ್ತಾರಲ್ಲ.

"ನೋಡಿ," ಎಂದಳು ತರಕಾರಿಯವಳು. "ನೀವೇ ಹೇಳಿದೀರಲ್ಲ, ಬೇರೆ ಕಡೆನೂ ಇದೆ ಅಂತ."

ಬಿರುಕಿನ ಮಾತು, ಗುಂಡಿಯ ಮಾತು ಎಲ್ಲ ಹೇಳಿದೆ. ತಲೆಯಾಡಿಸಿದರು. ನರ್ಸಮ್ಮ ಮಲಗಿರಲು ಹೇಳಿದ್ದಾರಲ್ಲ ಎಂದೆ. "ಕೂತಿರೋದೇ ಅಲ್ವಾ, ಅದೂ ವಿಶ್ರಾಂತಿನೇ. ಕುರ್ಚಿಲಿ ಎತ್ಕೊಂಡು ಹೋಗ್ತೀವಿ," ಎಂದರು ಟೈಲರಮ್ಮ. ಮಾತು ಮುಗಿದಂತೆ ಸೂಜಿಗಳು ಬಾಯಿಗೆ ಹೋದವು.

ಇಪ್ಪತ್ತು ವರ್ಷ ಜನ ಹೇಳಿದ್ದನ್ನೆಲ್ಲ ನಂಬಿದ ಹಾಗೆ ಮುಖ ಮಾಡಿ ಬದುಕಿದವಳು ನಾನು. ಒಂದೇ ಒಂದು ನಿಜ ಹೇಳಿದೆ, ನಂಬುವವರೇ ಇಲ್ಲ.

ಮಾರ್ಚ್ 19, ಬುಧವಾರ

ಮೂವತ್ತೊಂದು ಇಂಚು. ಬೀಗ ಇಳಿಬಿಡುವಾಗ ಕಣ್ಣು ಮುಚ್ಚಿಕೊಂಡಿದ್ದೆ, ಗಾಳಿಗೆ ಧೂಳು.

ಮೇಡಂಗೆ ಫೋನು ಮಾಡಿದೆ. ಗುಂಡಿಯ ಬಗ್ಗೆ ಇಲಾಖೆಗೆ ಪತ್ರ ಬರೆಯುತ್ತಾರಂತೆ, ಹದಿನೈದು ದಿನ ಹಿಡಿಯಬಹುದಂತೆ. ಆ ಕಥೆ ತೆಗೆದುಬಿಡಿ, ಅದು ನನ್ನದು ಎಂದೆ. "ಅಯ್ಯೋ, ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿರೋದು," ಎಂದರು. "ಅದೂ ಅಲ್ದೆ, ತರಕಾರಿಯವರು ಅದೇ ಕಥೆನ ಬೇರೆ ಥರ ಹೇಳಿದ್ದನ್ನೂ ನೀವೇ ಕಳಿಸಿದೀರಲ್ಲ. ಇಬ್ಬರು ಹೇಳಿದ ಮೇಲೆ ಅದು ನಿಮ್ಮದು ಹೇಗಾಗುತ್ತೆ?"

ಡ್ರೈವರ್‌ಗೆ ಹೇಳಿದೆ, ಹೆಂಡತಿಯನ್ನು ಅವಳ ತವರಿಗೆ ಕರೆದುಕೊಂಡು ಹೋಗು ಎಂದು. ನಾಲ್ಕು ಗಂಟೆ ಬಸ್ಸಿನ ಕುಲುಕಾಟ ಈಗ ಕೂಡದೆಂದು ನರ್ಸಮ್ಮ ಹೇಳಿದ್ದಾರಂತೆ. ಅದೂ ನಿಜವೇ. ಎಲ್ಲ ದಾರಿಯೂ ಕಲ್ಲಿನ ಹತ್ತಿರಕ್ಕೇ ಹೋಗುತ್ತಿದೆ. ಮಧ್ಯಾಹ್ನ ಹುಡುಗಿ ಕರೆದಳು. ಹಾಸಿಗೆಯ ಪಕ್ಕ ಕೂತೆ. ನನ್ನ ಕೈ ತೆಗೆದು ಹೊಟ್ಟೆಯ ಮೇಲಿಟ್ಟಳು. ಒಳಗೆ ಒಂದು ಒದೆ. "ಇವತ್ತು ಕಮ್ಮಿ ಒದೀತಿದೆ ಅಕ್ಕ. ಕೇಳಿಸ್ಕೊಂಡಿರಬಹುದಾ?"

ನಾಳೆ ಬೆಳಗ್ಗೆ ಏಳಕ್ಕೆ ಕುರ್ಚಿ. ಏನಾದರೂ ಮಾಡಲೇಬೇಕು. ಮಂಚವನ್ನು ಕಿಟಕಿಯ ಪಕ್ಕದಿಂದ ಆಚೆ ಗೋಡೆಗೆ ಸರಿಸಿದೆ. ಮೇಜಿಗೆ ಬೆಳಕು ಬರಲಿ ಎಂದು.

ಮಾರ್ಚ್ 20, ಗುರುವಾರ

ಬೆಳಗ್ಗೆ ಆರೂವರೆಗೆ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಸಿದ್ಧವಾಗಿತ್ತು, ಹಿಡಿಗಳಿಗೆ ಹಗ್ಗ ಬಿಗಿದು. ಎತ್ತಲು ಗೂಡಿನ ಇಬ್ಬರು ಕೆಲಸಗಾರರು ಬಂದಿದ್ದರು. ತರಕಾರಿಯವಳೂ ಉಳಿದವರೂ ಬಂದಿದ್ದರು. ಟೈಲರಮ್ಮ ಮಂಡಿಯೂರಿ ಸೊಸೆಗೆ ಚಪ್ಪಲಿ ಹಾಕುತ್ತಿದ್ದರು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳೇ ಅವಸರಿಸುತ್ತಿದ್ದಳು, ಬೇಗ ಹೋಗೋಣ ಅತ್ತೆ, ಬಿಸಿಲಾಗುತ್ತೆ ಎಂದು.

ಬಾಗಿಲಿಗೆ ಅಡ್ಡ ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂದು ಬರೆಯುತ್ತೇನೆ, ಆದರೆ ಮಾತು ಸಿದ್ಧವಾಗಿಯೇ ಬಂತು.

"ನಾನೊಂದು ಮುಚ್ಚಿಟ್ಟಿದ್ದೆ," ಎಂದೆ. "ಮೊನ್ನೆ ಸುಳ್ಳು ಅಂದಿದ್ದು ಅದಕ್ಕೇ. ಆ ಕಥೆಗೆ ಇನ್ನೂ ಒಂದು ತುಂಡಿದೆ. ಹೇಳಬಾರದು ಅಂತ ಮಾತು ಕೊಟ್ಟಿದ್ದೆ, ಹೇಳಿಕೊಟ್ಟವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ದಿನದ ಹಿಂದೆ ಇದೇ ಜನ ನನ್ನ ನಿಜವನ್ನು ಕೇಳುತ್ತಾ ಕಾಲರ್ ಎಣಿಸುತ್ತಿದ್ದರು.

"ಕಲ್ಲು ಯಾರನ್ನ ಕೇಳಿದೆಯೋ ಅವರು ತಾವಾಗಿ ಅದರ ನೆರಳಿಗೆ ಕಾಲಿಟ್ರೆ, ಹೂಂ ಅಂದ ಹಾಗೆ. ಬೆನ್ನು ಕೊಟ್ಟು ಕೂರೋದು ಉಳಿದವರಿಗೆ. ಬಸುರಿಗೆ ಅಲ್ಲ. ಬಸುರಿ ಹೋದ್ರೆ ಎರಡು ಜೀವಾನೂ ಕೊಟ್ಟ ಹಾಗೆ."

ಟೈಲರಮ್ಮ ಕೂತಲ್ಲೇ ಕೂತರು. ಆಮೇಲೆ ಸೊಸೆಯ ಕಾಲಿನಿಂದ ಚಪ್ಪಲಿ ತೆಗೆದರು. ಕೊಂಡಿ ಬಿಚ್ಚಲಾಗದೆ ಎಳೆದೇ ತೆಗೆದರು. "ನಿನ್ನೆನೇ ಹೇಳಬಾರದಿತ್ತಾ," ಎಂದು ಅಳತೊಡಗಿದರು. "ನನ್ನ ಕೈಯಾರೆ ಕಳಿಸ್ತಿದ್ದೆನಲ್ಲ." ತರಕಾರಿಯವಳು ಮೆಲ್ಲಗೆ, "ಹೌದು, ನಮ್ಮತ್ತೆ ಹೀಗೇನೋ ಅಂತಿದ್ರು, ನಂಗೆ ಮರೆತುಹೋಗಿತ್ತು," ಎಂದಳು.

ಒಬ್ಬರೂ ಅನುಮಾನಪಡಲಿಲ್ಲ. ಗೂಡಿನ ಕೆಲಸಗಾರರಲ್ಲಿ ಒಬ್ಬನು ಮಾತ್ರ ಕೇಳಿದ, ಹಾಗಾದರೆ ಆ ನೆರಳಿನಲ್ಲಿ ದಿನಾ ಮಣ್ಣು ತೆಗೆಯುವ ನಮ್ಮ ಗತಿ ಏನು ಎಂದು. "ನಿಮ್ಮನ್ನ ಕೇಳಿಲ್ಲ," ಎಂದೆ. ನಾಲಿಗೆ ಕಚ್ಚಿಕೊಂಡು ಮತ್ತೆ ಹೇಳಿದೆ: "ಆದ್ರೂ ಅಲ್ಲಿ ತೆಗೀಬೇಡಿ. ಯಾರೂ ಹೋಗಬೇಡಿ."

ನನಗೆ ಸಮಾಧಾನವಾಗಿದೆ. ಖಂಡಿತ ಆಗಿದೆ. ಹುಡುಗಿ ಮಾತ್ರ ಹೊದಿಕೆ ತಲೆಯವರೆಗೆ ಎಳೆದುಕೊಂಡು ಮಲಗಿದ್ದಾಳೆ. ಇವತ್ತು ಉಳಿದಳು. ಆದರೆ ಇದುವರೆಗೆ ಅವಳಿಗೆ ಒಂದು ಪರಿಹಾರ ಅಂತಾದರೂ ಇತ್ತು. ಅದನ್ನು ನಾನು ಕಿತ್ತುಕೊಂಡೆ.

ಮಾರ್ಚ್ 21, ಶುಕ್ರವಾರ

ಗೂಡಿನವರು ಯಾರೂ ಕೆಲಸಕ್ಕೆ ಹೋಗಲಿಲ್ಲ. ಯಜಮಾನರು ಬಂದು ನನ್ನ ಮೇಲೆ ಕೂಗಾಡಿದರು. ನಾನು ಅಳೆಯಲು ಹೋಗಲಿಲ್ಲ.

ಮಾರ್ಚ್ 23, ಭಾನುವಾರ

ಬಿತ್ತು.

ಬೆಳಗ್ಗೆ ಎಂಟು ಗಂಟೆಗೆ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ, ಕಾಲಿನ ಕೆಳಗೆ ನೆಲ ಒಮ್ಮೆ ಅದುರಿತು, ಬಕೆಟ್ಟಿನ ನೀರು ತುಳುಕಿತು. ತಲೆಯೆತ್ತಿದಾಗ ಬಯಲಿನಲ್ಲಿ ಎಂಟೇ ಇದ್ದವು, ಧೂಳು ಏಳುತ್ತಿತ್ತು. ಬಯಲಿನಲ್ಲಿ ಒಬ್ಬರೂ ಇರಲಿಲ್ಲ. ಕೂತಿದ್ದರೆ ಇವತ್ತು ನಾಲ್ಕನೆಯ ಬೆಳಗ್ಗೆ.

ಸ್ವಲ್ಪ ಹೊತ್ತು ನಕ್ಕೆ. ಒದ್ದೆ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಹುಡುಗಿಗೆ ಹೇಳಲು ಒಳಗೆ ಓಡಿದೆ. ಮುಗೀತು, ಬಿದ್ದುಹೋಯ್ತು, ಇನ್ನೇನೂ ಇಲ್ಲ ಎನ್ನಲು. ಅವಳು ಆಗಲೇ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಬಿದ್ದ ಕಲ್ಲಿನ ತುದಿ ನೆಟ್ಟಗೆ ಮನೆಯ ಕಡೆಗಿತ್ತು.

"ಬರೋಕೆ ಹೊರಟಿತ್ತು," ಎಂದಳು.

ಹತ್ತು ಗಂಟೆಗೆ ನೋವು ಶುರುವಾಯಿತು. ಎಂಟು ತಿಂಗಳೂ ತುಂಬಿಲ್ಲ. ಡ್ರೈವರ್ ಪಕ್ಕದವರ ಕಾರು ತಂದ. ಟೈಲರಮ್ಮ ನನ್ನ ಮುಂಗೈ ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಅವರ ಉಗುರಿನ ಗುರುತು ಈಗಲೂ ಇದೆ. "ನೀವೂ ಬನ್ನಿ. ನಿಮಗೆ ಇದರದ್ದೆಲ್ಲಾ ಗೊತ್ತು," ಎಂದರು.

ಮಾರ್ಚ್ 24, ಸೋಮವಾರ

ಹೆಣ್ಣು. ಒಂದು ಕೇಜಿ ಏಳುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಸಿರಾಡುತ್ತಿದೆ.

ಮಾರ್ಚ್ 26, ಬುಧವಾರ

ಆಸ್ಪತ್ರೆಯಲ್ಲೇ ಇದ್ದೇನೆ. ಟೈಲರಮ್ಮನೂ ನಾನೂ ಸರದಿಯ ಮೇಲೆ ಕಾಯುತ್ತೇವೆ. ಊರಿನ ಸುದ್ದಿ ಡ್ರೈವರ್ ತರುತ್ತಾನೆ. ಜನ ಎರಡು ಪಂಗಡವಾಗಿದ್ದಾರಂತೆ. ಕೊಡದೆ ಇದ್ದುದಕ್ಕೆ ಕಲ್ಲು ಸಿಟ್ಟಿನಿಂದ ಬಿತ್ತು ಎನ್ನುವವರು ಒಂದು ಕಡೆ. ಕೇಳಿದ್ದನ್ನು ಕರೆದೊಯ್ಯಲು ತಾನೇ ಹೊರಟಿತು ಎನ್ನುವವರು ಇನ್ನೊಂದು ಕಡೆ. ಗುಂಡಿಯಿಂದ ಬಿತ್ತು ಎನ್ನುವವರು ಯಾರೂ ಇಲ್ಲ. ಯಜಮಾನರು ಗುಂಡಿಯನ್ನು ಮುಚ್ಚಿಸಿ ನೆಲ ಸಮ ಮಾಡಿಸಿದ್ದಾರೆ.

ಮೇಡಂಗೆ ಕೆಲಸ ಬಿಡುವುದಾಗಿ ಬರೆದೆ. ಇನ್ನು ಕಥೆ ಕೇಳುವುದು ನನ್ನಿಂದಾಗದು.

ಮಗುವನ್ನು ಗಾಜಿನ ಆಚೆಯಿಂದ ನೋಡಬಹುದು. ಅಂಗೈಯಗಲದ ಎದೆ, ಏರುತ್ತದೆ, ಇಳಿಯುತ್ತದೆ. ಹಾಲು ನಳಿಗೆಯಲ್ಲಿ ಹೋಗುತ್ತದೆ. ಇನ್ನೂ ತಾನಾಗಿ... ಇದನ್ನು ಬರೆಯುವುದಿಲ್ಲ. ಡಾಕ್ಟರು ಬೆಳಗ್ಗೆ, ನಿನ್ನೆಗಿಂತ ವಾಸಿ, ಆದರೂ ಒಂದು ವಾರ ಏನೂ ಹೇಳಲಾಗದು ಎಂದರು. ಹುಡುಗಿ ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಗಾಲಿಕುರ್ಚಿಯಲ್ಲಿ ಗಾಜಿಗೆ ಹಣೆ ಒತ್ತಿ ಕೂತಿರುತ್ತಾಳೆ. ತಾನು ಕಣ್ಣು ಮುಚ್ಚಿದ ಗಳಿಗೆಗೆ ಅದು ಬರುತ್ತದೆ ಎಂದು ಅವಳ ನಂಬಿಕೆ. ನಿದ್ದೆ ಮಾಡದಿದ್ದರೆ ಹಾಲೂ ಬರುವುದಿಲ್ಲ, ತಾಯಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿದರು. ಟೈಲರಮ್ಮ ಬೇಡಿಕೊಂಡರು. ಗಂಡ ಅತ್ತ. ಯಾವುದೂ ಅವಳ ಕಿವಿಗೆ ಹೋಗಲಿಲ್ಲ.

ಮಧ್ಯಾಹ್ನ ಇಬ್ಬರೇ ಇದ್ದೆವು. ಗಾಜಿನಿಂದ ಹಣೆ ತೆಗೆಯದೆ ಕೇಳಿದಳು: "ಅಕ್ಕ, ಕೇಳಿದ್ದು ಸಿಗದೆ ಇದ್ರೆ ಅದು ಏನ್ ಮಾಡುತ್ತೆ?"

ನಾನೇ ಕಟ್ಟಿದ್ದು ಕಣೇ, ಮಣ್ಣು ಜರುಗಿ ಬಿತ್ತು ಕಣೇ ಎಂದು ಹೇಳಲು ಬಾಯಿ ತೆರೆದೆ. ಆಣೆ ಮಾಡಿ ಹೇಳಬೇಕೆಂದಿದ್ದೆ. ಆದರೆ ಅದನ್ನು ಒಮ್ಮೆ ಹೇಳಿ ನೋಡಿದ್ದೇನೆ. ಅದನ್ನು ಹೇಳಿದರೆ ಅವಳು ನಿದ್ದೆ ಮಾಡುವುದಿಲ್ಲ.

"ಬಿದ್ದ ಕಲ್ಲು ಕೇಳಲ್ಲ," ಎಂದೆ. "ನಿಂತಿರೋವರೆಗೆ ಮಾತ್ರ ಅದು ಕೇಳೋದು. ನೆಲಕ್ಕೆ ಮೈ ತಾಗಿತು ಅಂದ್ರೆ ಕೇಳಿದ್ದೆಲ್ಲಾ ಮರೆತು ಬರೀ ಕಲ್ಲಾಗುತ್ತೆ."

ಅವಳು ತಿರುಗಿ ನನ್ನ ಕಣ್ಣನ್ನೇ ನೋಡಿದಳು. "ಖಂಡಿತಾನಾ ಅಕ್ಕ?"

"ಖಂಡಿತ."

"ನಿಮ್ಮ ಮಾತು ಅಂತ ಅಲ್ಲ ತಾನೇ? ಹಾಗೆ ಇದೆ ತಾನೇ?"

"ಹಾಗೇ ಇದೆ."

ತುಸು ಹೊತ್ತಿನಲ್ಲಿ ಅವಳ ತಲೆ ನನ್ನ ಭುಜಕ್ಕೆ ಬಿತ್ತು. ಬಾಯಿ ತೆರೆದು, ಗೊರಕೆ ಹೊಡೆದುಕೊಂಡು ನಿದ್ದೆ ಹೋದಳು. ಎರಡು ಗಂಟೆಯಾಯಿತು, ಇನ್ನೂ ಎದ್ದಿಲ್ಲ. ಒಂದೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಲುಗಾಡಿದರೆ ಎಚ್ಚರವಾಗುತ್ತಾಳೆ. ಈಗ ಗಾಜಿನ ಒಳಗಿನ ಆ ಎದೆಯನ್ನು ಕಾಯುವವಳು ನಾನೊಬ್ಬಳೇ. ಏರುತ್ತಿದೆ, ಇಳಿಯುತ್ತಿದೆ. ಕಣ್ಣು ಉರಿಯುತ್ತಿದೆ, ರೆಪ್ಪೆ ಮುಚ್ಚಲು ಧೈರ್ಯ ಬರುತ್ತಿಲ್ಲ. ಬಿದ್ದ ಕಲ್ಲು ಕೇಳಲ್ಲ ಎಂದು ನನಗೆ ಹೇಳುವವರು ಯಾರೂ ಇಲ್ಲ.